ಬೆಂದ್ರ್ ತೀರ್ಥದಿಂದ ಗಣೇಶಪುರಿಗೆ: ಅಮ್ಮನ ಬಿಸಿನೀರಿನ ಯಾತ್ರೆ

ಅಮ್ಮ ನಾಶಿಕ್‌ಗೆ ಬಂದು ಎಂಟು ತಿಂಗಳಾದರೂ ನಮ್ಮ ಗೀಸರ್ ಜೊತೆ ಅವಳಿಗೆ ರಾಜಿಯಾಗಲಿಲ್ಲ. ಹದಿನೈದು ಲೀಟರಿನ ಗೀಸರ್. ಒಂದು ಬಕೆಟ್ ತುಂಬುವಷ್ಟರಲ್ಲಿ ನೀರು ತಣ್ಣಗಾಗಿ ಬರುತ್ತದೆ. ಪುತ್ತೂರಿನ ಮನೆಯಲ್ಲಿ ಬಚ್ಚಲು ಕೊಟ್ಟಿಗೆಯ ಒಲೆಗೆ ತೆಂಗಿನ ಮಡಲು, ಗೆರಟೆ ತುರುಕಿ, ತಾಮ್ರದ ಹಂಡೆಯಲ್ಲಿ ಕುದಿಯುವ ನೀರನ್ನು ಚೆಂಬು ಚೆಂಬಾಗಿ ಬೆನ್ನಿಗೆ ಹೊಯ್ದುಕೊಂಡವಳು ಅವಳು. "ಇದು ಸ್ನಾನ ಅಲ್ಲ ಮಗಾ, ಮೈ ಒರೆಸಿಕೊಳ್ಳುವುದು" ಎನ್ನುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಒಬ್ಬಳೇ ಬಿಡಬಾರದು ಎಂದು ಕರೆದುಕೊಂಡು ಬಂದೆವು. ನಮ್ಮದು ಎರಡು ಊರಿನ ಸಂಸಾರ. ನನ್ನ ಗಂಡನಿಗೆ ಛತ್ರಪತಿ ಸಂಭಾಜಿನಗರದ, ಅಂದರೆ ಹಿಂದಿನ ಔರಂಗಾಬಾದಿನ, ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನನಗೆ ನಾಶಿಕ್‌ನಲ್ಲಿ ಲ್ಯಾಪ್‌ಟಾಪ್ ಎದುರು ಬೆಳಗ್ಗೆಯಿಂದ ರಾತ್ರಿಯವರೆಗೆ ಕೆಲಸ. ಶನಿವಾರ ಒಬ್ಬರು ಇನ್ನೊಬ್ಬರ ಕಡೆ ಹೋಗುವುದು. ಈ ಮಧ್ಯೆ ಅಮ್ಮ ದಿನವಿಡೀ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ. ಪಕ್ಕದ ಮನೆಯ ಆಜಿ ಒಳ್ಳೆಯವರೇ. ಆದರೆ ಅವರಿಗೆ ಮರಾಠಿ ಬಿಟ್ಟು ಬೇರೆ ಬಾರದು, ಅಮ್ಮನಿಗೆ ಮರಾಠಿಯಲ್ಲಿ "ಜೇವಣ್ ಝಾಲಾ ಕಾ" ಬಿಟ್ಟು ಬೇರೆ ಬಾರದು. ಊಟ ಆಯಿತಾ ಎಂದು ದಿನಕ್ಕೆ ಎಷ್ಟು ಸಲ ಕೇಳಬಹುದು?

ಮಂಡಿ ನೋವು ಮೊದಲಿಂದಲೂ ಇತ್ತು, ಇಲ್ಲಿಯ ಚಳಿಗೆ ಹೆಚ್ಚಾಯಿತು. ಡಿಸೆಂಬರಿನ ಒಂದು ರಾತ್ರಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಅಮ್ಮ, "ಮಂಗಳಾ ಎಕ್ಸ್‌ಪ್ರೆಸ್ಸಿಗೆ ನನಗೊಂದು ಟಿಕೆಟ್ ಮಾಡಿಕೊಡು, ನಾನು ಊರಿಗೆ ಹೋಗ್ತೇನೆ" ಎಂದಳು. ನಾಶಿಕ್ ರೋಡ್ ಸ್ಟೇಷನ್ನಿನಲ್ಲಿ ಹತ್ತಿದರೆ ಮಂಗಳೂರಿನಲ್ಲಿ ಇಳಿಸುವ ಗಾಡಿ ಅದು. "ವಾಪಸ್ ಯಾವಾಗ?" ಎಂದು ಕೇಳಿದೆ. ಅಮ್ಮ ಉತ್ತರ ಕೊಡಲಿಲ್ಲ.

ಆಗ ನನಗೆ ಕುಸಾತ್ಸು ನೆನಪಾಯಿತು.

ಬಿಸಿನೀರಿನ ಹೊಲ

ಕೆಲವು ವರ್ಷಗಳ ಹಿಂದೆ ಪ್ರಾಜೆಕ್ಟ್ ಕೆಲಸದ ಮೇಲೆ ಮೂರು ತಿಂಗಳು ಟೋಕಿಯೊದಲ್ಲಿದ್ದೆ. ಒಂದು ವಾರಾಂತ್ಯ ಸಹೋದ್ಯೋಗಿಗಳು ಕುಸಾತ್ಸು ಎಂಬ ಬೆಟ್ಟದ ಊರಿಗೆ ಕರೆದುಕೊಂಡು ಹೋದರು. ಟೋಕಿಯೊದ ಉಎನೊ ನಿಲ್ದಾಣದಿಂದ ರೈಲು, ಆಮೇಲೆ ಬೆಟ್ಟ ಹತ್ತುವ ಬಸ್ಸು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ, ಸುತ್ತ ಹಿಮ. ಬಸ್ಸಿನಿಂದ ಇಳಿದಾಗಲೇ ಮೂಗಿಗೆ ಗಂಧಕದ ವಾಸನೆ. ಊರಿನ ನಟ್ಟನಡುವೆ ದೇವಸ್ಥಾನದ ಕೆರೆ ಇರಬೇಕಾದ ಜಾಗದಲ್ಲಿ ಹೊಗೆಯಾಡುವ ಬಿಸಿನೀರು ಮರದ ದೋಣಿಗಳ ಸಾಲಿನಲ್ಲಿ ಹರಿಯುತ್ತಿತ್ತು. ಅದಕ್ಕೆ ಅಲ್ಲಿಯವರು 'ಯುಬಾತಾಕೆ' ಎನ್ನುತ್ತಾರೆ. ಬಿಸಿನೀರಿನ ಹೊಲ ಎಂದರ್ಥ. ನೆಲದಿಂದ ಬರುವ ನೀರು ಮೈಗೆ ತಡೆಯದಷ್ಟು ಬಿಸಿ. ದೋಣಿಗಳಲ್ಲಿ ಹರಿದು ಆರಿದ ಮೇಲೆಯೇ ಸ್ನಾನದ ಮನೆಗಳಿಗೆ ಹೋಗುತ್ತದೆ. ದೋಣಿಯ ತಳದಲ್ಲಿ ಕೂತ ಹಳದಿ ಗಷ್ಟನ್ನೂ ಕೆರೆದು ತೆಗೆದು ಜೋಪಾನ ಮಾಡುತ್ತಾರೆ.

ತಣ್ಣೀರು ಬೆರೆಸಿದರೆ ಮುಗಿಯಲಿಲ್ಲವೇ ಎಂದು ಕೇಳಿದೆ. ಬೆರೆಸಿದರೆ ನೀರಿನ ಸತ್ವ ಕೆಡುತ್ತದಂತೆ. ಅದಕ್ಕೇ ಆಳುದ್ದದ ಮರದ ಹಲಗೆಗಳನ್ನು ಹಿಡಿದು, ಹಾಡುತ್ತಾ, ನೀರನ್ನು ಅತ್ತಿಂದಿತ್ತ ಮಗುಚಿ ಆರಿಸುವ ಪದ್ಧತಿ ಅಲ್ಲಿ ಹುಟ್ಟಿಕೊಂಡಿತು. 'ಯುಮೊಮಿ' ಎಂದು ಹೆಸರು. ನಮ್ಮಲ್ಲಿ ಭತ್ತ ಕುಟ್ಟುವಾಗ ಹಾಡುತ್ತಿದ್ದರಲ್ಲ, ಹಾಗೆ. ಹಳೆಯ ಕ್ರಮದ ಚಿಕಿತ್ಸಾ ಸ್ನಾನದಲ್ಲಿ ಮೇಸ್ತ್ರಿಯ ಹಾಗೆ ಒಬ್ಬರು ನಿಂತು ಹೊತ್ತು ಕೂಗುತ್ತಿದ್ದರು. ಎಲ್ಲರೂ ಒಟ್ಟಿಗೆ ಇಳಿಯಬೇಕಿತ್ತು, ಮೂರೇ ನಿಮಿಷ, ಎಲ್ಲರೂ ಒಟ್ಟಿಗೆ ಏಳಬೇಕಿತ್ತು.

ಕುಸಾತ್ಸುವಿಗೆ ದೊಡ್ಡ ಚರಿತ್ರೆಯಿದೆ. ಹನ್ನೆರಡನೇ ಶತಮಾನದ ಸೇನಾಧಿಪತಿ ಮಿನಾಮೊತೊ ನೊ ಯೊರಿತೊಮೊ 1193ರಲ್ಲಿ ಇಲ್ಲಿ ಮಿಂದನೆಂಬ ಐತಿಹ್ಯ ಒಂದು. 1876ರಲ್ಲಿ ಜಪಾನಿಗೆ ಬಂದ ಎರ್ವಿನ್ ಬೆಲ್ಜ್ ಎಂಬ ಜರ್ಮನ್ ವೈದ್ಯ ಈ ನೀರಿನ ಗುಣವನ್ನು ಹೊರಜಗತ್ತಿಗೆ ತಿಳಿಸಿದ್ದು ಇನ್ನೊಂದು. ಆದರೆ ನನ್ನ ನೆನಪಿನಲ್ಲಿ ಉಳಿದದ್ದು ಸ್ನಾನದ ಕ್ರಮ. ಕೊಳಕ್ಕೆ ಇಳಿಯುವ ಮೊದಲು ಹೊರಗೆ ಕೂತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಳ್ಳಬೇಕು. ಕೊಳದ ನೀರು ಮೈ ತೊಳೆಯುವುದಕ್ಕಲ್ಲ, ಸುಮ್ಮನೆ ಕೂರುವುದಕ್ಕೆ. ಮತ್ತೆ, ಮೈಮೇಲೆ ಒಂದು ಎಳೆ ಬಟ್ಟೆಯೂ ಇರಬಾರದು. ನಾನು ಹತ್ತು ನಿಮಿಷ ಬಾಗಿಲ ಬಳಿ ನಿಂತು ಧೈರ್ಯ ತಂದುಕೊಂಡೆ. ಒಳಗೆ ಹೋದರೆ ಎಪ್ಪತ್ತು ದಾಟಿದ ಅಜ್ಜಿಯರು ಕಣ್ಣು ಮುಚ್ಚಿ ಕೂತಿದ್ದರು. ಯಾರೂ ನನ್ನನ್ನು ನೋಡಲೇ ಇಲ್ಲ.

ಅವತ್ತು ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಹೊಗೆಯಾಡುವ ನೀರನ್ನು ತೋರಿಸಿದ್ದೆ. ಅಮ್ಮ ನೋಡಿ, "ಓ, ನಮ್ಮ ಬೆಂದ್ರ್ ತೀರ್ಥದ ಹಾಗೆ ಉಂಟು" ಎಂದಿದ್ದಳು. ನನಗೆ ಆಗ ಸ್ವಲ್ಪ ಬೇಸರವೇ ಆಗಿತ್ತು. ಇಷ್ಟು ದೂರ ಬಂದು ತೋರಿಸಿದರೆ ಪುತ್ತೂರಿನ ಮಾತು!

ಹೋಟೆಲಿನ ಗಲ್ಲಾದ ಮೇಲಿನ ಫೋಟೊ

ಬಿಸಿನೀರಿನ ಬುಗ್ಗೆ ಹತ್ತಿರದಲ್ಲಿ ಎಲ್ಲಿದೆ ಎಂದು ಆಫೀಸಿನಲ್ಲಿ ವಿಚಾರಿಸಿದೆ. ಜಳಗಾಂವ್ ಜಿಲ್ಲೆಯ ಚೋಪಡಾ ತಾಲೂಕಿನಲ್ಲಿ ಸಾತಪುಡಾ ಬೆಟ್ಟದ ಬುಡಕ್ಕೆ ಉನಪದೇವ್ ಇದೆ ಎಂದರು ಒಬ್ಬರು. ಮರಾಠಿಯಲ್ಲಿ 'ಊನ್' ಎಂದರೆ ಬಿಸಿಲು, ಬಿಸಿ. ಮಹಾರಾಷ್ಟ್ರದ ನಕ್ಷೆಯಲ್ಲಿ ಉನಪದೇವ್, ಉನಕೇಶ್ವರ, ಉನ್ಹೆರೆ, ಉನ್ಹವರೆ ಹೀಗೆ 'ಉನ'ದಿಂದ ಶುರುವಾಗುವ ಊರು ಕಂಡರೆ ಅಲ್ಲಿ ಬಿಸಿನೀರು ಇರುವ ಸಂಭವ ಹೆಚ್ಚು. ತುಳುವಿನಲ್ಲಿ ಬಿಸಿನೀರಿಗೆ 'ಬೆಂದ್ರ್' ಎನ್ನುವುದರಿಂದಲೇ ಬೆಂದ್ರ್ ತೀರ್ಥ ಎಂಬ ಹೆಸರು ಬಂದ ಹಾಗೆ.

ಆದರೆ ಹೆಚ್ಚು ಜನ ಹೇಳಿದ್ದು ವಜ್ರೇಶ್ವರಿ-ಗಣೇಶಪುರಿ. ನನ್ನ ಗಂಡ ಕೇಳಿದ ಕೂಡಲೇ, "ಗಣೇಶಪುರಿಯಾ? ನಿತ್ಯಾನಂದ ಸ್ವಾಮಿಗಳದ್ದು. ಹೋಟೆಲಿನ ಗಲ್ಲಾದ ಮೇಲೆ ಇರುವ ಫೋಟೊ" ಎಂದರು. ಮುಂಬಯಿ, ಪುಣೆ, ನಾಶಿಕ್‌ಗಳಲ್ಲಿ ಉಡುಪಿ ಹೋಟೆಲಿಗೆ ಹೋಗಿ ಇಡ್ಲಿ ತಿಂದವರೆಲ್ಲ ಆ ಫೋಟೊ ನೋಡಿಯೇ ಇರುತ್ತೀರಿ. ಕಪ್ಪು ಮೈಬಣ್ಣ, ಬೋಳು ತಲೆ, ಉಟ್ಟಿದ್ದು ಕೌಪೀನ ಮಾತ್ರ. ಮಲ್ಲಿಗೆ ಹಾರ, ಊದಿನಕಡ್ಡಿ, ಪಕ್ಕದಲ್ಲಿ ಬಿಲ್ ಚುಚ್ಚುವ ಕಂಬಿ. ಹದಿನೈದು ವರ್ಷದಿಂದ ನೋಡುತ್ತಿದ್ದೇನೆ, ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಜನವರಿಯ ಒಂದು ಶುಕ್ರವಾರ ರಜೆ ಹಾಕಿ ಮೂವರೂ ಹೊರಟೆವು. "ಜಪಾನಿನ ಹಾಗಿನ ನೀರು ಇಲ್ಲೇ ಉಂಟಂತೆ" ಎಂದು ಅಮ್ಮನನ್ನು ಒಪ್ಪಿಸಿದ್ದೆ.

ಎರಡು ನದಿಗಳ ತವರು

ನಾಶಿಕ್‌ನಿಂದ ಮುಂಬಯಿ ಹೆದ್ದಾರಿ ಹಿಡಿದು ಇಗತಪುರಿ ದಾಟಿ, ಕಸಾರಾ ಘಾಟಿ ಇಳಿದರೆ ಕೊಂಕಣದ ಸೆಖೆ ಶುರು. ದಖ್ಖನ್ ಪ್ರಸ್ಥಭೂಮಿಯ ಮೇಲಿನಿಂದ ಕೆಳಗೆ ಬಿದ್ದ ಹಾಗೆ. ಭಿವಂಡಿಗೆ ಮೊದಲೇ ಹೆದ್ದಾರಿ ಬಿಟ್ಟು ಒಳದಾರಿಗಳಲ್ಲಿ ಅಂಬಾಡಿ ಸೇರಿದರೆ ವಜ್ರೇಶ್ವರಿ ಹತ್ತಿರ. ಚಹಾ ಕುಡಿಯಲು ನಿಂತದ್ದೂ ಸೇರಿ ನಮಗೆ ನಾಲ್ಕು ಗಂಟೆ ಹಿಡಿಯಿತು.

ದಾರಿಯಲ್ಲಿ ಅಮ್ಮನಿಗೆ ನದಿಗಳ ಕಥೆ ಹೇಳಿದೆ. ತ್ರ್ಯಂಬಕದ ಬೆಟ್ಟಗಳಲ್ಲಿ ಹುಟ್ಟುವ ಗೋದಾವರಿ ಪೂರ್ವಕ್ಕೆ ಹರಿದು, ನಾಶಿಕ್‌ನ ರಾಮಕುಂಡ ದಾಟಿ, ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟು ತುಂಬಿಸಿ, ಸುಮಾರು 1,465 ಕಿಲೋಮೀಟರ್ ಸಾಗಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಅದೇ ತ್ರ್ಯಂಬಕದ ಕಡೆಯಲ್ಲೇ ಹುಟ್ಟುವ ವೈತರಣಾ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತಾಳೆ. ಆ ವೈತರಣಾಳ ಉಪನದಿ ತಾನ್ಸಾ. 1892ರಿಂದ ಮುಂಬಯಿಗೆ ಕುಡಿಯುವ ನೀರು ಕೊಡುತ್ತಿರುವ ತಾನ್ಸಾ ಅಣೆಕಟ್ಟು ಇದೇ ನದಿಯದು. ನಮ್ಮ ಬಿಸಿನೀರಿನ ಕುಂಡಗಳು ಇರುವುದು ಇದರ ದಂಡೆಯಲ್ಲಿ ಮತ್ತು ಪಾತ್ರದಲ್ಲಿ.

ಅಮ್ಮ ಕೇಳಿದಳು: "ಹಾಗಾದರೆ ಅಡಿಯಲ್ಲಿ ಬೆಂಕಿ ಉಂಟಾ?"

ಕುಸಾತ್ಸುವಿನಲ್ಲಿ ಹೌದು. ಅಲ್ಲಿ ಊರಿನ ಬೆನ್ನಿಗೇ ಕುಸಾತ್ಸು-ಶಿರಾನೆ ಎಂಬ ಜೀವಂತ ಜ್ವಾಲಾಮುಖಿ ಇದೆ. ಇಲ್ಲಿ ಅಂಥದ್ದಿಲ್ಲ. ದಖ್ಖನ್ನಿನ ಕರಿಕಲ್ಲು ಲಾವಾದಿಂದ ಆದದ್ದು ನಿಜವಾದರೂ ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಯಾವತ್ತೋ ತಣ್ಣಗಾಗಿದೆ. ಇಲ್ಲಿ ನಡೆಯುವುದು ಬೇರೆ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದೊಂದು ಕಿಲೋಮೀಟರ್ ಇಳಿದಂತೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಹಾಗೆ ಕಾದ ನೀರು ಇನ್ನೊಂದು ಬಿರುಕಿನಲ್ಲಿ ಬೇಗ ಮೇಲೆ ಬಂದರೆ ಬಿಸಿ ಬುಗ್ಗೆ. ನಿಧಾನವಾಗಿ ಬಂದರೆ, ಅಥವಾ ಮೇಲಿನ ತಣ್ಣೀರಿನ ಜೊತೆ ಬೆರೆತರೆ, ಬಿಸಿ ಆರಿಹೋಗುತ್ತದೆ. ಪಾಲಘರ್ ಕಡೆಯಿಂದ ರತ್ನಾಗಿರಿಯ ರಾಜಾಪುರದವರೆಗೆ, ಕರಾವಳಿಗೆ ಸಮಾನಾಂತರವಾಗಿ 300 ಕಿಲೋಮೀಟರಿಗೂ ಉದ್ದದ ಒಂದು ಸಾಲಿನಲ್ಲಿ ಇಂಥ 18 ಜಾಗಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ನೆಲದಡಿಯ ಬಿರುಕು ಆ ಸಾಲಿನಲ್ಲೇ ಇರುವುದರಿಂದ ಬುಗ್ಗೆಗಳೂ ಸಾಲಾಗಿವೆ.

"ಅಂದರೆ ನಮ್ಮ ಹಂಡೆಯ ಹಾಗೆಯೇ. ಒಲೆ ಮಾತ್ರ ಆಳದಲ್ಲಿ" ಎಂದಳು ಅಮ್ಮ. ನಾನು ಹತ್ತು ನಿಮಿಷ ವಿವರಿಸಿದ್ದು ಅಷ್ಟೇ.

ಕೋಟೆಯಂಥ ಗುಡಿ

ವಜ್ರೇಶ್ವರಿಯ ಹಳೆಯ ಹೆಸರು ವಡವಲಿ. ಇಂದ್ರ ಕೋಪದಿಂದ ಎಸೆದ ವಜ್ರಾಯುಧವನ್ನು ದೇವಿ ನುಂಗಿಕೊಂಡಳು, ಅದರಿಂದ ವಜ್ರೇಶ್ವರಿಯಾದಳು ಎಂದು ಸ್ಥಳಪುರಾಣ. ದೇವಿ ಕೊಂದ ರಾಕ್ಷಸರ ರಕ್ತವೇ ಬಿಸಿನೀರಾಗಿ ಹರಿಯುತ್ತಿದೆ ಎಂದು ಊರಿನವರ ನಂಬಿಕೆ.

ಈಗಿನ ಗುಡಿಗೆ ಮಾತ್ರ ಇತಿಹಾಸದ ದಾಖಲೆಯಿದೆ. ಪೇಶ್ವೆ ಒಂದನೇ ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾ ಪೋರ್ಚುಗೀಸರ ಕೈಯಲ್ಲಿದ್ದ ವಸಯಿ ಕೋಟೆಯ ಮೇಲೆ ದಂಡೆತ್ತಿ ಹೋಗುವಾಗ ಇಲ್ಲಿ ಬಿಡಾರ ಹೂಡಿದ್ದ. ಕೋಟೆ ಸಿಕ್ಕರೆ ಕೋಟೆಯಂಥದೇ ಗುಡಿ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತ. 1739ರ ಮೇ ತಿಂಗಳಲ್ಲಿ ವಸಯಿ ಮರಾಠರ ವಶವಾಯಿತು, ಹರಕೆಯೂ ತೀರಿತು. ದಿಬ್ಬದ ಮೇಲೆ ಕಲ್ಲಿನ ಗೋಡೆ, ಮೇಲೇರಲು 52 ಮೆಟ್ಟಿಲು, ಬಡೋದೆಯ ಗಾಯಕವಾಡರು ಕಟ್ಟಿಸಿದ ನಗಾರಖಾನೆ. ಮೆಟ್ಟಿಲುಗಳ ನಡುವೆ ಒಂದು ಬಂಗಾರದ ಬಣ್ಣದ ಆಮೆ. ಅದಕ್ಕೂ ಹೂವು ಕುಂಕುಮ.

ಅಮ್ಮ ಮೆಟ್ಟಿಲು ನೋಡಿ ಕೆಳಗೇ ಕೈಮುಗಿದಳು. "ದೇವಿಗೆ ನನ್ನ ಮಂಡಿಯ ವಿಷಯ ಗೊತ್ತುಂಟು" ಎಂದಳು. ಅವಳನ್ನು ಹೂವಿನ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೇ ಹತ್ತಿ ಬಂದೆವು.

"ಎಂಚಿನ ಬೆಚ್ಚ!"

ವಜ್ರೇಶ್ವರಿಯ ಸುತ್ತ ಐದು ಕಿಲೋಮೀಟರಿನಲ್ಲಿ ಸುಮಾರು 21 ಬಿಸಿನೀರಿನ ಬುಗ್ಗೆಗಳಿವೆ ಎಂದು ಲೆಕ್ಕ. ಮೊದಲು ಅಕಲೋಲಿಗೆ ಹೋದೆವು. ಸೂರ್ಯ, ಚಂದ್ರ, ಅಗ್ನಿ ಎಂದೆಲ್ಲ ಕುಂಡಗಳಿಗೆ ಹೆಸರು. ಕಟ್ಟೆ ಕಟ್ಟಿದ ಚೌಕಗಳಲ್ಲಿ ಜನ ಕಿಕ್ಕಿರಿದಿದ್ದರು. ನೀರಿನ ಮೇಲೆ ಶ್ಯಾಂಪೂ ಪೊಟ್ಟಣ, ಹೂವಿನ ಎಸಳು, ಯಾರದೋ ಬನಿಯನ್ನು. ನನ್ನ ಮುಖ ನೋಡಿಯೇ ಅಮ್ಮನಿಗೆ ಗೊತ್ತಾಯಿತು. ಕುಸಾತ್ಸುವಿನ ಮರದ ದೋಣಿ ನನ್ನ ಕಣ್ಣ ಮುಂದೆ ಬಂದಿತ್ತು. "ವಾಪಸ್ ಹೋಗೋಣ, ಚರ್ಮಕ್ಕೆ ಏನಾದರೂ ಅಂಟಿಕೊಂಡರೆ?" ಎಂದೆ.

"ಇಷ್ಟು ದೂರ ಬಂದು ಹಾಗೇ ಹೋಗುವುದಾ? ನಡಿ, ಇನ್ನೊಂದು ನೋಡುವಾ" ಎಂದಳು ಅಮ್ಮ.

ಎರಡು ಕಿಲೋಮೀಟರ್ ಆಚೆ ಗಣೇಶಪುರಿ. ಹಿಂದೆ ಮಂದಾಗ್ನಿ ಎಂಬ ಬೆಟ್ಟ. ಜೀರ್ಣಶಕ್ತಿ ಕುಂದಿದ್ದಕ್ಕೆ ನಾವು ಮಂದಾಗ್ನಿ ಎನ್ನುತ್ತೇವೆ, ಇಲ್ಲಿ ಸಣ್ಣ ಉರಿಯಲ್ಲಿ ನೀರು ಕಾಯಿಸುತ್ತಾ ಕೂತ ಬೆಟ್ಟಕ್ಕೆ ಆ ಹೆಸರು ಸರಿಯಾಗಿಯೇ ಇದೆ. ಭೀಮೇಶ್ವರ ಗುಡಿಯ ಪಕ್ಕದಲ್ಲಿ ಕುಂಡಗಳು. ಶುಕ್ರವಾರ ಮಧ್ಯಾಹ್ನವಾದ್ದರಿಂದ ಜನ ಕಡಿಮೆ. ಹೆಂಗಸರು ಐದಾರು ಮಂದಿ, ಎಲ್ಲರೂ ಸೀರೆ ಅಥವಾ ನೈಟಿಯಲ್ಲಿ. ಅಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನನ್ನ ಭುಜ ಹಿಡಿದು, ಒಂದು ಕಾಲು ನೀರಿಗೆ ಇಟ್ಟಳು.

"ಅಪ್ಪೇ! ಎಂಚಿನ ಬೆಚ್ಚ!"

ಮನೆಯಲ್ಲಿ ನಮ್ಮದು ಕನ್ನಡವೇ ಆದರೂ ಗಾಬರಿಯಲ್ಲಿ ಅಮ್ಮನ ಬಾಯಿಗೆ ಬರುವುದು ತುಳು. ಕುಂಡದ ಆ ಬದಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ ಒಬ್ಬರು ತಟ್ಟನೆ ತಿರುಗಿದರು. ಅರವತ್ತೈದರ ಆಸುಪಾಸು, ಹಣೆಯಲ್ಲಿ ಒದ್ದೆಯಾಗಿ ಇಳಿಯುತ್ತಿದ್ದ ಕುಂಕುಮ.

"ಈರೆನ ಊರು ಓಲು?"

ನಿಮ್ಮ ಊರು ಯಾವುದು ಎಂಬ ಆ ಪ್ರಶ್ನೆಗೆ ಅಮ್ಮ ಎಂಟು ತಿಂಗಳಿಂದ ಕಾದು ಕೂತಿದ್ದಳೇನೋ. ಪುತ್ತೂರು ಎಂದಳು. ಅವರು ಕಾರ್ಕಳದ ಹತ್ತಿರದವರು. ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷ, ಈಗ ಡೊಂಬಿವಲಿಯಲ್ಲಿ ಮನೆ. ಗಂಡ ಕ್ಯಾಂಟೀನ್ ನಡೆಸುತ್ತಿದ್ದವರು, ಈಗಿಲ್ಲ. ವರ್ಷಕ್ಕೆ ಎರಡು ಸಲ ಗಣೇಶಪುರಿಗೆ ಬರುವುದು ತಪ್ಪಿಸುವುದಿಲ್ಲ. ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಸೊಂಟ, ಹೀಗೆ ನಿಧಾನವಾಗಿ ಇಳಿಯಬೇಕು ಎಂದು ಅವರೇ ಅಮ್ಮನ ಕೈ ಹಿಡಿದು ಇಳಿಸಿಕೊಂಡರು. ನನ್ನ ಭುಜ ಬಿಟ್ಟು ಅಮ್ಮ ಹೋದದ್ದು ನನಗೆ ಗೊತ್ತಾಗಲೇ ಇಲ್ಲ.

ನಾನು ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟೆ. ಬಿಸಿ ಮೊದಲು ಚುಚ್ಚಿತು, ಆಮೇಲೆ ಹಿತವಾಯಿತು. ಕಟ್ಟೆಗೆ ಪಾಚಿಯಿತ್ತು, ಕಂಬಕ್ಕೆ ಯಾರೋ ಒದ್ದೆ ಟವೆಲು ಕಟ್ಟಿದ್ದರು. ನೀರಿನಲ್ಲಿ ಇಬ್ಬರೂ ಪತ್ರೊಡೆಗೆ ಯಾವ ಕೆಸುವಿನ ಎಲೆ ಒಳ್ಳೆಯದು, ಮುಂಬಯಿಯಲ್ಲಿ ಅದು ಎಲ್ಲಿ ಸಿಗುತ್ತದೆ, ಮಗನ ಮನೆಯಲ್ಲಿ ಇರುವುದಕ್ಕೂ ಮಗಳ ಮನೆಯಲ್ಲಿ ಇರುವುದಕ್ಕೂ ಏನು ವ್ಯತ್ಯಾಸ ಎಂದು ಮಾತಾಡುತ್ತಿದ್ದರು. ಆ ಕೊನೆಯ ವಿಷಯದಲ್ಲಿ ಅಮ್ಮ ದನಿ ತಗ್ಗಿಸಿದಳು. ನಾನು ಕೇಳಿಸಿಕೊಳ್ಳದವಳಂತೆ ಫೋನು ನೋಡಿದೆ.

ಕುಸಾತ್ಸುವಿನ ಮೂರು ನಿಮಿಷ ನೆನಪಿಟ್ಟುಕೊಂಡು ನಾನು ಗಡಿಯಾರ ನೋಡುತ್ತಿದ್ದೆ. ಅಮ್ಮನಿಗೆ ಬಿಪಿ ಇದೆ. ಹತ್ತು ನಿಮಿಷಕ್ಕೆ "ಸಾಕಮ್ಮ, ಮೇಲೆ ಬಾ" ಎಂದೆ. "ಇರು ಮಾರಾಯ್ತಿ" ಎಂದರು ಇಬ್ಬರೂ ಒಟ್ಟಿಗೆ. ಕೊನೆಗೆ ಮೇಲೆ ಬಂದಾಗ ಬಟ್ಟೆ ಬದಲಿಸಲು ಅಡ್ಡ ಬೇಕಾಯಿತು. ಅವರ ಒಣ ಸೀರೆಯ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು ಹಿಡಿದೆ.

ಕಾಞಂಗಾಡಿನಿಂದ ಬಂದ ಸ್ವಾಮಿ

ಸ್ನಾನ ಮುಗಿಸಿ ಆ ಅಮ್ಮನೇ ನಮ್ಮನ್ನು ನಿತ್ಯಾನಂದರ ಸಮಾಧಿ ಮಂದಿರಕ್ಕೆ ಕರೆದುಕೊಂಡು ಹೋದರು. ಗಲ್ಲಾದ ಮೇಲಿನ ಫೋಟೊದ ಕಥೆ ನನಗೆ ತಿಳಿದದ್ದು ಅವತ್ತು, ಉಳಿದದ್ದನ್ನು ಮನೆಗೆ ಬಂದು ಓದಿಕೊಂಡೆ.

ಕೇರಳದ ಕೋಯಿಕ್ಕೋಡ್ ಕಡೆಯಲ್ಲಿ ಬೆಳೆದ ನಿತ್ಯಾನಂದರು ಉಡುಪಿ, ಮಂಗಳೂರುಗಳಲ್ಲಿ ಅಲೆದಾಡಿ, ಈಗಿನ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲಿ ಬಂಡೆ ಕೊರೆಸಿ ಗುಹೆಗಳನ್ನು ಮಾಡಿಸಿದವರು. ಆ ಆಶ್ರಮ ಇಂದಿಗೂ ಇದೆ. 1920ರ ದಶಕದಲ್ಲಿ ಮಂಗಳೂರಿನಲ್ಲಿ ಅವರು ಭಾವಾವೇಶದಲ್ಲಿ ಆಡುತ್ತಿದ್ದ ಮಾತುಗಳನ್ನು ತುಳಸಿಯಮ್ಮ ಎಂಬ ಭಕ್ತೆ ಕನ್ನಡದಲ್ಲಿ ಬರೆದಿಟ್ಟುಕೊಂಡರು. ಅದೇ 'ಚಿದಾಕಾಶ ಗೀತೆ'. ಇಂಗ್ಲಿಷಿಗೆ ಹೋಗಿ ಬೇರೆ ದೇಶಗಳಲ್ಲೂ ಓದಿಸಿಕೊಳ್ಳುವ ಈ ಪುಸ್ತಕದ ಮೂಲ ಕನ್ನಡ ಎಂಬುದು ನನಗೆ ಗೊತ್ತೇ ಇರಲಿಲ್ಲ. 1930ರ ದಶಕದಲ್ಲಿ ಅವರು ವಜ್ರೇಶ್ವರಿಗೆ, ಅಲ್ಲಿಂದ ಗಣೇಶಪುರಿಗೆ ಬಂದರು. ಆಗ ಇದು ಕಾಡು. ಭೀಮೇಶ್ವರನ ಗುಡಿಯ ಬಳಿ ಇದ್ದುಕೊಂಡು ಕುಂಡಗಳನ್ನು ಸರಿಪಡಿಸಿ ಜನರ ಸ್ನಾನಕ್ಕೆ ಅನುಕೂಲ ಮಾಡಿಸಿದರು ಎಂದು ಭಕ್ತರು ನೆನೆಯುತ್ತಾರೆ. 1961ರ ಆಗಸ್ಟ್ 8ರಂದು ಅವರು ದೇಹ ಬಿಟ್ಟರು.

ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ತುಳು-ಕನ್ನಡದ ಹುಡುಗರಿಗೆ, ತಮ್ಮ ಮಾತು ತಿಳಿಯುವ ಸ್ವಾಮಿಯೊಬ್ಬರು ಒಂದು ದಿನದ ಪ್ರಯಾಣದಲ್ಲಿ ಸಿಗುತ್ತಾರೆ ಎಂದರೆ ಅದೇನು ಸಣ್ಣ ಮಾತೇ? "ಅವರು ದೇವರು ಅಂತ ನಾವು ಹೋಗಿದ್ದು ಆಮೇಲೆ. ಮೊದಲು ಹೋಗಿದ್ದು ಊರಿನವರು ಅಂತ" ಎಂದರು ಕಾರ್ಕಳದ ಅಮ್ಮ. ಫೋಟೊ ಗಲ್ಲಾದ ಮೇಲೆ ಯಾಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಎಲ್ಲೂ ಸಿಗಲಿಲ್ಲ.

ಅವರ ಶಿಷ್ಯ ಸ್ವಾಮಿ ಮುಕ್ತಾನಂದರೂ ಮಂಗಳೂರಿನ ಕಡೆಯವರೇ. 1908ರಲ್ಲಿ ಹುಟ್ಟಿ, ಹದಿನೈದರ ಹೊತ್ತಿಗೆ ಮನೆ ಬಿಟ್ಟು, ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕಲಿತು, 1947ರ ಆಗಸ್ಟ್ 15ರಂದು, ಅಂದರೆ ದೇಶ ಸ್ವತಂತ್ರವಾದ ದಿನವೇ, ಗಣೇಶಪುರಿಯಲ್ಲಿ ದೀಕ್ಷೆ ಪಡೆದವರು. ಅವರು ಸಾಧನೆ ಮಾಡಿದ ಊರುಗಳಲ್ಲಿ ಯೇವಲಾ ಒಂದು. ನಾಶಿಕ್‌ನಿಂದ ಸಂಭಾಜಿನಗರಕ್ಕೆ ಪ್ರತಿ ಶನಿವಾರ ಹೋಗುವಾಗ ನಾವು ಪೈಠಣಿ ಸೀರೆಯ ಬೋರ್ಡುಗಳನ್ನು ನೋಡುತ್ತಾ ದಾಟುವ ಅದೇ ಯೇವಲಾ. ಇನ್ನೊಂದು ಜಾಗ ನಾಗದ್ ಎಂಬ ಹಳ್ಳಿಯ ಹತ್ತಿರ. ನಾಗದ್ ಇರುವುದು ಸಂಭಾಜಿನಗರ ಜಿಲ್ಲೆಯ 'ಕನ್ನಡ' ತಾಲೂಕಿನಲ್ಲಿ! ಎಲ್ಲೋರಾ ದಾಟಿ ಚಾಳೀಸಗಾಂವ್ ಕಡೆ ಹೋಗುವಾಗ 'ಕನ್ನಡ' ಎಂದು ದೇವನಾಗರಿಯಲ್ಲಿ ಬರೆದ ಊರಿನ ಬೋರ್ಡು ಕಂಡು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗರು ಸಂಭಾಜಿನಗರದಲ್ಲಿ ಕಡಿಮೆ. ನಾವೂ ತೆಗೆಸಿಕೊಂಡಿದ್ದೇವೆ.

ತಣ್ಣಗಾದ ತೀರ್ಥ

ವಾಪಸ್ ಬರುವಾಗ ಅಮ್ಮ ಬೆಂದ್ರ್ ತೀರ್ಥದ ಕಥೆ ಹೇಳಿದಳು. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಹೊಳೆಯ ಪಕ್ಕಕ್ಕೆ ಒಂದು ಕಲ್ಲಿನ ಕೆರೆ. ಕರ್ನಾಟಕದ ಒಂದೇ ಒಂದು ಬಿಸಿನೀರಿನ ಬುಗ್ಗೆ ಎಂದು ಅದನ್ನು ಹೇಳುವುದುಂಟು. ಚಿಕ್ಕಂದಿನಲ್ಲಿ ಅಮ್ಮನ ತಂಗಿಗೆ ಮೈಯೆಲ್ಲ ಕಜ್ಜಿಯಾದಾಗ ಅಜ್ಜಿ ಮೂರು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ಮೀಯಿಸಿದ್ದರಂತೆ. ಬೆಳಗ್ಗಿನ ಜಾವ ನೀರಿನ ಮೇಲೆ ಹಬೆ ಕಾಣುತ್ತಿತ್ತಂತೆ. "ಈಗ ಎಲ್ಲಿ? ಸುತ್ತ ಎಲ್ಲ ತೋಟಕ್ಕೂ ಬೋರು ಆಯಿತು. ನೀರು ಬಿಸಿ ಇಲ್ಲ, ಬೇಸಗೆಯಲ್ಲಿ ನೀರೇ ಇಲ್ಲ ಅಂತಾರೆ. ನಮ್ಮ ತೋಟದಲ್ಲೂ ಅಪ್ಪ ಎರಡು ಹೊಡೆಸಿದ್ದರಲ್ಲ" ಎಂದಳು.

ಕೊನೆಯ ವಾಕ್ಯ ನನಗೆ ನಾಟಿತು. ನಮ್ಮ ತೋಟ ಇರ್ದೆಯಿಂದ ದೂರವೇ. ಆದರೂ ಅಡಿಕೆಗೆ ನೀರು ಬೇಕು, ಅಡಿಕೆಯ ದುಡ್ಡಿನಿಂದಲೇ ನಾನು ಎಂ.ಟೆಕ್. ಓದಿದ್ದು. ಯಾರನ್ನೂ ದೂರುವ ಹಾಗಿಲ್ಲ.

ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗಳಿಗೆಂದೇ 1948ರಿಂದ ಒಂದು ಕಾನೂನಿದೆ. ನೆಲದಿಂದ ಬರುವ ನೀರು 25 ಡಿಗ್ರಿಗಿಂತ ಬಿಸಿಯಿದ್ದರೆ, ಅಥವಾ ಪಟ್ಟಿಯಲ್ಲಿರುವ 19 ಖನಿಜಾಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ, ಅದು 'ಒನ್ಸೆನ್'. ಬಿಸಿನೀರಿಗಾಗಿ ಬಾವಿ ಕೊರೆಯಲು ಆಯಾ ಪ್ರಾಂತ್ಯದ ಗವರ್ನರರ ಅನುಮತಿ ಬೇಕು. ಒಬ್ಬ ಕೊರೆದರೆ ಪಕ್ಕದವನ ಬುಗ್ಗೆ ಬತ್ತುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಕುಸಾತ್ಸುವಿನ ನೀರು ಇನ್ನೂ ಬಿಸಿಯಾಗಿ ಬರುತ್ತಿರುವುದಕ್ಕೆ ಜ್ವಾಲಾಮುಖಿಯೊಂದೇ ಕಾರಣವಲ್ಲ. ಕೊಳಕ್ಕೆ ಇಳಿಯುವ ಮೊದಲು ಮೈ ತೊಳೆದುಕೊಳ್ಳುವ ಅಜ್ಜಿಯೂ ಕಾರಣ. ನಮ್ಮಲ್ಲಿ ನೀರಿಗೆ ಕೈಮುಗಿಯುತ್ತೇವೆ, ಮೂರು ಸಲ ಮುಳುಗುತ್ತೇವೆ, ಆಮೇಲೆ ಶ್ಯಾಂಪೂ ಪೊಟ್ಟಣ ಅಲ್ಲೇ ಬಿಡುತ್ತೇವೆ.

ಹಾಗೆಂದು ಕುಸಾತ್ಸುವನ್ನು ಮೇಲೆ, ಗಣೇಶಪುರಿಯನ್ನು ಕೆಳಗೆ ಇಟ್ಟು ಬರೆಯಲು ಈಗ ನನಗೆ ಮನಸ್ಸಿಲ್ಲ. ಕುಸಾತ್ಸುವಿನಲ್ಲಿ ಎರಡು ದಿನ ಮಿಂದೆ, ಯಾರೂ ನನ್ನ ಊರು ಕೇಳಲಿಲ್ಲ.

ಹೋಗುವವರಿಗೆ

ನಾಶಿಕ್, ಸಂಭಾಜಿನಗರದ ಕನ್ನಡ ಬಂಧುಗಳು ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ, ವಾರದ ದಿನ, ಬೆಳಗ್ಗೆ ಬೇಗ ಹೋಗಿ. ಮಳೆಗಾಲದಲ್ಲಿ ತಾನ್ಸಾ ತುಂಬಿದಾಗ ನದಿಪಾತ್ರದ ಕಡೆಗೆ ಇಳಿಯಬೇಡಿ. ಊರಿನಲ್ಲಿ "ಗರಮ್ ಪಾಣ್ಯಾಚೆ ಕುಂಡ" ಎಂದು ಕೇಳಿದರೆ ಯಾರೂ ತೋರಿಸುತ್ತಾರೆ. ಎಲ್ಲ ಕುಂಡಗಳ ಬಿಸಿ ಒಂದೇ ಅಲ್ಲ, ಮೊದಲು ಕಾಲಿಟ್ಟು ನೋಡಿ. ಮಕ್ಕಳನ್ನು ಒಬ್ಬರೇ ಬಿಡಬೇಡಿ. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಇಳಿಯಿರಿ, ಐದು ನಿಮಿಷಕ್ಕೆ ಮೇಲೆ ಬನ್ನಿ, ನೀರು ಕುಡಿಯಿರಿ. ಬಟ್ಟೆ ಬದಲಿಸಲು ಒಂದು ಹಳೆಯ ಬೆಡ್‌ಶೀಟ್ ಇರಲಿ. ಸೋಪು, ಶ್ಯಾಂಪೂ ಕಾರಿನಲ್ಲೇ ಇರಲಿ.

ಮಂಡಿ ನೋವು ವಾಸಿಯಾಯಿತೇ ಎಂದು ಕೇಳುವವರಿಗೆ: ಇಲ್ಲ. ಶನಿವಾರ, ಭಾನುವಾರ ಅಮ್ಮ ಸಲೀಸಾಗಿ ಓಡಾಡಿದಳು. ಸೋಮವಾರ ನೋವು ವಾಪಸ್ ಬಂತು, ಎಣ್ಣೆಯ ಬಾಟಲಿಯೂ ಹೊರಗೆ ಬಂತು. ಆದರೆ ಮಧ್ಯಾಹ್ನ ಮೂರು ಗಂಟೆಗೆ ನಾನು ಮೀಟಿಂಗಿನಲ್ಲಿದ್ದಾಗ ಬಾಲ್ಕನಿಯಿಂದ ತುಳು ಕೇಳಿಸಿತು. ಡೊಂಬಿವಲಿಯ ಕರೆ. ಅವತ್ತಿನಿಂದ ದಿನವೂ ಅದೇ ಹೊತ್ತಿಗೆ. ಮುಂದಿನ ಸಲ ಗಣೇಶಪುರಿಯಲ್ಲಿ ಸೇರುವಾಗ ಅವರಿಗೆ ಮಿಡಿ ಉಪ್ಪಿನಕಾಯಿ ಕೊಡಬೇಕಂತೆ, ಅದಕ್ಕೆ ಊರಿನ ಮಿಡಿಯೇ ಆಗಬೇಕಂತೆ.

ಕಳೆದ ವಾರ ಮಂಗಳಾ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಲು ಕೂತೆ. ಅಮ್ಮ ಹಿಂದೆ ಬಂದು ನಿಂತು, ಕನ್ನಡಕ ಏರಿಸಿ ಸ್ಕ್ರೀನ್ ನೋಡಿದಳು.

"ಹೋಗುವುದಕ್ಕೆ ಮಾತ್ರ ಯಾಕೆ ಮಾಡ್ತಿ? ಬರುವುದಕ್ಕೂ ಈಗಲೇ ಮಾಡು, ಆಮೇಲೆ ಸಿಕ್ಕುವುದಿಲ್ಲ" ಎಂದಳು.